ನಲವತ್ತು ನಿಮಿಷದ ಸುಳ್ಳು

"ಫ್ರಾಂಕ್‌ಫರ್ಟಿನಿಂದ ಲಂಡನ್ನಿಗೆ ಬರೀ ನಲವತ್ತು ನಿಮಿಷ ಕಣ್ರೀ. ನಮ್ಮ ಚನ್ನಗಿರಿಯಿಂದ ಸಂತೇಬೆನ್ನೂರಿಗೆ ಹೋದ ಹಾಗೆ."

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಈ ಮಾತು ನನ್ನ ಕಿವಿಗೆ ಬಿತ್ತು. ಹೇಳಿದವರು ಅಡಿಕೆ ತೋಟದವರು, ಅನುಕೂಲಸ್ಥರು, ಮರ್ಯಾದಸ್ಥರು. ದೊಡ್ಡ ಮಗಳನ್ನು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕೆಲಸದಲ್ಲಿದ್ದ ಹುಡುಗನಿಗೆ ಕೊಟ್ಟು ಮೂರು ವರ್ಷವಾಗಿತ್ತು. ಚಿಕ್ಕವಳಿಗೆ ಲಂಡನ್ನಿನ ಸಂಬಂಧ ಕುದುರಿತ್ತು. ಅಕ್ಕತಂಗಿಯರು ಅಕ್ಕಪಕ್ಕದ ಬೀದಿಯಲ್ಲಿರುತ್ತಾರೆ ಎನ್ನುವ ಸಂಭ್ರಮ ಅವರಿಗೆ. ಅಳಿಯ ಕಳಿಸಿದ್ದ ಟಿಕೆಟ್ಟಿನ ಪ್ರತಿಯನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿದರು. ಫ್ರಾಂಕ್‌ಫರ್ಟ್ ಬಿಡುವುದು ಬೆಳಿಗ್ಗೆ 10 ಗಂಟೆಗೆ, ಲಂಡನ್ ಸೇರುವುದು 10-40ಕ್ಕೆ. ಪಂಕ್ತಿಯಲ್ಲಿದ್ದ ಹೆಂಗಸರೆಲ್ಲ "ಅಬ್ಬಾ, ಎಷ್ಟು ಹತ್ತಿರ" ಎಂದು ತಲೆದೂಗಿದರು.

ನಾನು ಸಮಾಜ ವಿಜ್ಞಾನದ ಮೇಷ್ಟ್ರಮ್ಮ. ಬಾಯಿ ಮುಚ್ಚಿಕೊಂಡು ಹೋಳಿಗೆ ತಿನ್ನಲು ನನ್ನಿಂದಾಗಲಿಲ್ಲ. "ಅದು ನಲವತ್ತು ನಿಮಿಷವಲ್ಲ, ಒಂದು ಗಂಟೆ ನಲವತ್ತು ನಿಮಿಷ. ಲಂಡನ್ನಿನ ಗಡಿಯಾರ ಫ್ರಾಂಕ್‌ಫರ್ಟಿನ ಗಡಿಯಾರಕ್ಕಿಂತ ಒಂದು ಗಂಟೆ ಹಿಂದೆ. ವಾಪಸು ಬರುವ ಟಿಕೆಟ್ ನೋಡಿ, ಅಲ್ಲಿ ಹತ್ತಕ್ಕೆ ಬಿಟ್ಟು ಇಲ್ಲಿ 12-40ಕ್ಕೆ ಎಂದಿರುತ್ತದೆ" ಎಂದೆ. ಅವರು ನಕ್ಕು, "ಮೇಡಂ ಎಲ್ಲಿ ಹೋದರೂ ಪಾಠ ಬಿಡೋಲ್ಲ" ಎಂದರು. ಪಂಕ್ತಿಯೂ ನಕ್ಕಿತು.

ಹೋಗುವಾಗ ನಲವತ್ತು ನಿಮಿಷ, ಬರುವಾಗ ಎರಡು ಗಂಟೆ ನಲವತ್ತು ನಿಮಿಷ. ದಾರಿ ಅದೇ, ವಿಮಾನವೂ ಅದೇ! ರೇಖಾಂಶದ ಪಾಠ ಮಾಡುವಾಗ ನಾನು ಈಗ ಮಕ್ಕಳಿಗೆ ಇದೇ ಲೆಕ್ಕ ಕೊಡುತ್ತೇನೆ. 15 ಡಿಗ್ರಿಗೆ ಒಂದು ಗಂಟೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಫ್ರಾಂಕ್‌ಫರ್ಟ್ ಇರುವುದು ಗ್ರೀನ್‌ವಿಚ್‌ನಿಂದ ಪೂರ್ವಕ್ಕೆ 9 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಸೂರ್ಯನ ಲೆಕ್ಕದಲ್ಲಿ ಎರಡೂ ಊರುಗಳಿಗೆ ಸುಮಾರು 35 ನಿಮಿಷದ ಅಂತರ ಅಷ್ಟೆ. ಒಂದು ಗಂಟೆ ಎಂದು ಮಾಡಿದ್ದು ಸರ್ಕಾರಗಳು. ಗಡಿಯಾರ ಕೂಡ ಮನುಷ್ಯ ಇಟ್ಟ ಹಾಗೆ ಇರುತ್ತದೆ ಎಂದರೆ ಹುಡುಗರಿಗೆ ಬಹಳ ಖುಷಿ.

ಹೋಗಲಿ, ಒಂದು ಗಂಟೆ ನಲವತ್ತು ನಿಮಿಷವಾದರೂ ನಿಜವೇ? ವಿಮಾನ ಕಂಪೆನಿಯವರು ಟಿಕೆಟ್ಟಿನಲ್ಲಿ ಹಾಕುವ ಹೊತ್ತು ಯಾವುದು ಗೊತ್ತೆ? ವಿಮಾನ ತಾನು ನಿಂತ ಜಾಗದಿಂದ ಕದಲಿದ ಗಳಿಗೆಯಿಂದ, ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಹೊತ್ತು. ಅಂದರೆ ಅದು ವಿಮಾನದ ಹೊತ್ತೇ ಹೊರತು ನಿಮ್ಮದಲ್ಲ. ನೀವು ಮನೆಗೆ ಬೀಗ ಹಾಕಿದ್ದು, ಮಗುವಿಗೆ ಬಟ್ಟೆ ತೊಡಿಸಿ ರೈಲು ಹಿಡಿದದ್ದು, ಎರಡು ಗಂಟೆ ಮುಂಚೆ ಹೋಗಿ ಸಾಲಿನಲ್ಲಿ ನಿಂತದ್ದು, ಇಳಿದ ಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಳ್ಳಲು ಕಾದದ್ದು, ಪೆಟ್ಟಿಗೆಗಾಗಿ ಕಾದದ್ದು, ಹೀಥ್ರೂನಿಂದ ಮನೆ ಸೇರಲು ಮತ್ತೊಂದು ರೈಲು ಹತ್ತಿದ್ದು, ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಆ ಎರಡು ಊರುಗಳ ನಡುವಿನ ಆಕಾಶದ ದಾರಿಯೇ ಸುಮಾರು 650 ಕಿಲೋಮೀಟರ್. ನಾವು ಬೆಂಗಳೂರಿನಿಂದ ಬಸ್ಸಿನಲ್ಲಿ ಬೀದರಿಗೆ ಹೋದರೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು. ಮನೆಯಿಂದ ಮನೆಗೆ ಎಂದು ಲೆಕ್ಕ ಹಾಕಿದರೆ ಆರು ಗಂಟೆಗೆ ಕಡಿಮೆಯಿಲ್ಲ. ಸಂತೇಬೆನ್ನೂರಂತೆ! ಸಂತೇಬೆನ್ನೂರಿಗೆ ಹೋಗಿ, ಪುಷ್ಕರಣಿ ನೋಡಿಕೊಂಡು, ಮಧ್ಯಾಹ್ನದ ಅಡುಗೆಗೆ ವಾಪಸು ಬರಬಹುದು.

ಯೂರೋಪಿನವರು ಈ ವಿಷಯದಲ್ಲಿ ಜಾಣರು. ಲಂಡನ್ನಿನಿಂದ ಪ್ಯಾರಿಸ್ಸಿಗೆ ಆಕಾಶದಲ್ಲಿ ಸುಮಾರು 340 ಕಿಲೋಮೀಟರ್, ವಿಮಾನದಲ್ಲಿ ಒಂದೂಕಾಲು ಗಂಟೆ. ಆದರೆ 1994ರಲ್ಲಿ ಸಮುದ್ರದ ಅಡಿಯ ಸುರಂಗದ ರೈಲು ಶುರುವಾದ ಮೇಲೆ ಎಷ್ಟೋ ಜನ ಅದನ್ನೇ ಹಿಡಿದರು. ರೈಲಿಗೆ ಎರಡೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು, ನಿಜ. ಆದರೆ ಅದು ಊರಿನ ನಡುವಿನಿಂದ ಊರಿನ ನಡುವಿಗೆ. ಫ್ರಾನ್ಸಿನಲ್ಲಂತೂ 2021ರಲ್ಲಿ ಕಾನೂನನ್ನೇ ಮಾಡಿ, ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದ ಕಡೆಗೆ ಒಳನಾಡಿನ ವಿಮಾನ ಬೇಡವೆಂದರು. 2023ರಿಂದ ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಿಂದ ಲಿಯಾನ್, ನಾಂಟ್, ಬೋರ್ಡೋ ಊರುಗಳ ವಿಮಾನಗಳಿಗೆ ಅದು ಜಾರಿಗೂ ಬಂತು. ಹೊಗೆ ಕಡಿಮೆ ಮಾಡಲು ಮಾಡಿದ ಕಾನೂನು ಅದು, ಸಮಯ ಉಳಿಸಲು ಅಲ್ಲ. ಆದರೂ ವಿಮಾನದ ಗಂಟೆಯ ಪಕ್ಕಕ್ಕೆ ರೈಲಿನ ಗಂಟೆಯನ್ನು ಇಟ್ಟು ನೋಡಿದರಲ್ಲ, ಅದನ್ನು ಮೆಚ್ಚಬೇಕು.

ನಮ್ಮಲ್ಲಿ? 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಒಳ್ಳೆಯದೇ ಆಯಿತು, ಬೇಡ ಎನ್ನುವವಳು ನಾನಲ್ಲ. ಆದರೆ ಅಂದಿನಿಂದ ನಮ್ಮ ಸ್ಟಾಫ್ ರೂಮಿನಲ್ಲಿ "ಬೆಂಗಳೂರು ಈಗ ಒಂದು ಗಂಟೆ" ಎಂಬ ಮಾತು ನಿಂತೇ ಇಲ್ಲ. ಚನ್ನಗಿರಿಯಿಂದ ಬಸ್ಸು ಹಿಡಿದು, ಶಿವಮೊಗ್ಗ ದಾಟಿ ಸೋಗಾನೆ ಸೇರಿ, ಅಲ್ಲಿ ಕಾದು, ಹಾರಿ, ದೇವನಹಳ್ಳಿಯಲ್ಲಿ ಇಳಿದು, ಮತ್ತೆ ಒಂದೂವರೆ ಗಂಟೆ ಬಸ್ಸಿನಲ್ಲಿ ಕುಳಿತು ಮೆಜೆಸ್ಟಿಕ್ಕಿಗೆ ಬರುವಷ್ಟರಲ್ಲಿ, ಅದೇ ಹೊತ್ತಿಗೆ ಮನೆ ಬಿಟ್ಟು ಶಿವಮೊಗ್ಗದಲ್ಲಿ ರೈಲು ಹತ್ತಿದವಳೂ ಬಂದು ಕಾಫಿ ಕುಡಿಯುತ್ತಿರುತ್ತಾಳೆ. ನಮ್ಮ ಊರಿಗೆ ರೈಲೂ ಇಲ್ಲ ಎಂಬುದು ಬೇರೆ ಮಾತು.

ಆದರೆ ನನ್ನ ಜಗಳ ಗಡಿಯಾರದ ಜೊತೆಗಲ್ಲ, ವಿಮಾನದ ಜೊತೆಗೂ ಅಲ್ಲ.

ಆ ಇಬ್ಬರು ಹೆಣ್ಣುಮಕ್ಕಳೂ ನನ್ನ ಕೈಯಲ್ಲಿ ಓದಿದವರು. ದೊಡ್ಡವಳಿಗೆ ಲೆಕ್ಕ, ವಿಜ್ಞಾನ ಎಂದರೆ ಪ್ರಾಣ. ಪಿಯುಸಿ ಮುಗಿದಾಗ ದಾವಣಗೆರೆಗೆ ಹೋಗಿ ಬಿ.ಎಸ್‌ಸಿ. ಮಾಡುತ್ತೇನೆ ಎಂದಳು. ನಮ್ಮಲ್ಲಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್. "ಅಷ್ಟು ದೂರ ಹೆಣ್ಣುಹುಡುಗಿ ದಿನಾ ಹೋಗಿ ಬರೋದು ಅಂದರೇನು" ಎಂದರು ಮನೆಯಲ್ಲಿ. ಶಿವಮೊಗ್ಗಕ್ಕೆ 50 ಕಿಲೋಮೀಟರೂ ಇಲ್ಲ ಎಂದಾಗ "ಅದೂ ದೂರವೇ" ಎಂದರು. ಹಾಸ್ಟೆಲ್ ಎಂದರೆ ಅಜ್ಜಿ ಊಟ ಬಿಟ್ಟರು. ನಾನೂ ಒಂದು ಸಂಜೆ ಅವರ ಮನೆಗೆ ಹೋಗಿ ಹೇಳಿ ಬಂದೆ. ಕಾಫಿ ಕೊಟ್ಟು, ಕುಂಕುಮ ಕೊಟ್ಟು ಕಳಿಸಿದರು. ಹುಡುಗಿ ಊರಿನಲ್ಲೇ ಸಿಕ್ಕ ವಿಷಯ ತೆಗೆದುಕೊಂಡು ಬಿ.ಎ. ಮಾಡಿದಳು. ಪದವಿ ಮುಗಿದ ವರ್ಷವೇ ಫ್ರಾಂಕ್‌ಫರ್ಟಿನ ಸಂಬಂಧ ಬಂತು. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 7,400 ಕಿಲೋಮೀಟರ್, ನೇರ ವಿಮಾನದಲ್ಲಿ ಹತ್ತು ಗಂಟೆಯ ಆಸುಪಾಸು. ಆಗ ಯಾರೂ ದೂರವೆನ್ನಲಿಲ್ಲ. ಅಜ್ಜಿ ಎರಡು ಹೊತ್ತೂ ಸರಿಯಾಗಿ ಊಟ ಮಾಡಿದರು.

60 ಕಿಲೋಮೀಟರ್ ದೂರ, 7,400 ಕಿಲೋಮೀಟರ್ ಹತ್ತಿರ. ನಾನು ಮೂವತ್ತು ವರ್ಷದಿಂದ ಭೂಗೋಳ ಹೇಳಿಕೊಡುತ್ತಿದ್ದೇನೆ, ಇದು ಯಾವ ಭೂಗೋಳವೆಂದು ನನಗೆ ತಿಳಿಯದು. ನೀವೇ ನಿಮ್ಮ ನಿಮ್ಮ ಮನೆಯಲ್ಲಿ, ನೆಂಟರಲ್ಲಿ ನೋಡಿ. ಅದೇ ಮನೆಯ ಗಂಡುಹುಡುಗ ಹತ್ತನೇ ತರಗತಿ ಮುಗಿಯುತ್ತಲೇ ಮಂಗಳೂರಿಗೋ ಮೂಡುಬಿದಿರೆಗೋ ಹೊರಡುತ್ತಾನೆ. ಅವನಿಗೆ ಹದಿನಾರು ತುಂಬಿರುವುದಿಲ್ಲ, ತನ್ನ ಪಂಚೆ ತಾನು ಮಡಿಚಲು ಬರುವುದಿಲ್ಲ. ಆದರೂ ಘಟ್ಟ ಇಳಿಯುವುದು ಅವನಿಗೆ ದೂರವಲ್ಲ. ಹುಡುಗಿಗೆ ಮಾತ್ರ ಓದುವ ದಾರಿ ರಬ್ಬರಿನ ಹಾಗೆ ಎಳೆದಷ್ಟೂ ಉದ್ದ. ಮದುವೆಯ ದಾರಿಯಾದರೆ ಅದೇ ರಬ್ಬರು ಮುದುರಿ ಗೇಣುದ್ದವಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಹೆಣ್ಣು ಕೊಡುವಾಗ ದೂರದ ಬೆಟ್ಟ ಪಕ್ಕದಲ್ಲೇ ಇರುವ ಹಾಗೂ ಕಾಣುತ್ತದೆ.

ಈಗ ಆ ನಲವತ್ತು ನಿಮಿಷ ಏನಾಯಿತೆಂದು ಕೇಳಿ.

ಚಿಕ್ಕವಳು ಲಂಡನ್ನಿಗೆ ಹೋದ ಎರಡನೇ ವರ್ಷ ಬಸುರಿಯಾದಳು. ಬಾಣಂತನಕ್ಕೆ ಅಮ್ಮ ಇಲ್ಲಿಂದ ಹೋಗಬೇಕು, ಅಮ್ಮನ ಕೈಯಲ್ಲಿ ಪಾಸ್‌ಪೋರ್ಟೇ ಇಲ್ಲ. ಐವತ್ತೆರಡು ವರ್ಷ ಗಂಡನ ಮನೆ, ತವರುಮನೆ, ಧರ್ಮಸ್ಥಳ ಬಿಟ್ಟು ಬೇರೆಡೆ ಹೋಗದ ಹೆಂಗಸಿಗೆ ಅದು ಏಕೆ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇರಲಿ, ಅಕ್ಕ ಇದ್ದಾಳಲ್ಲ, ನಲವತ್ತು ನಿಮಿಷದ ದಾರಿ, ಹೋಗಿ ನೋಡಿಕೊಳ್ಳುತ್ತಾಳೆ ಎಂದರು. ಅಕ್ಕನಿಗೆ ಜರ್ಮನಿಯಲ್ಲಿರಲು ಪರವಾನಗಿ ಇತ್ತು. ಆದರೆ ಅದು ಬ್ರಿಟನ್ನಿನಲ್ಲಿ ನಡೆಯುವುದಿಲ್ಲ. ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳು ಶೆಂಗೆನ್ ಎಂಬ ಒಂದೇ ವೀಸಾದ ಒಪ್ಪಂದದಲ್ಲಿವೆ. ಬ್ರಿಟನ್ ಅದರಲ್ಲಿ ಎಂದೂ ಸೇರಿದ್ದಿಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದವಳು ಫ್ರಾಂಕ್‌ಫರ್ಟಿನಿಂದ ಲಂಡನ್ನಿಗೆ ಹೋಗಲು ಬೇರೆ ವೀಸಾ ಬೇಕು. ತಂಗಿ ಅಕ್ಕನ ಮನೆಗೆ ಬರಬೇಕಾದರೂ ಅಷ್ಟೆ, ಅವಳಿಗೂ ಬೇರೆ ವೀಸಾ. ಅರ್ಜಿ ಹಾಕಬೇಕು, ಬೆರಳಚ್ಚು ಕೊಡಲು ದಿನ ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಸಾಮಾನ್ಯವಾಗಿ ಮೂರು ವಾರ ಎನ್ನುತ್ತಾರೆ. ಜೊತೆಗೆ ಕೈಯಲ್ಲಿ ಹಣವಿದೆ ಎಂದು ತೋರಿಸುವ ಬ್ಯಾಂಕಿನ ಕಾಗದ ಬೇಕು. ಇವಳ ಹೆಸರಿನಲ್ಲಿ ಕಾಸಿಲ್ಲ, ಕೆಲಸವಿಲ್ಲ. ಎಲ್ಲ ಗಂಡನ ಖಾತೆ, ಗಂಡನ ಸಹಿ, ಗಂಡನಿಗೆ ಬಿಡುವಾದ ದಿನ. ಅವನೇನೂ ಕೆಟ್ಟವನಲ್ಲ. ಆಫೀಸಿನ ಕೆಲಸದಲ್ಲಿ ಮುಳುಗಿದ್ದ, ಅಷ್ಟೆ.

ಅಕ್ಕ ತಂಗಿಯ ಮನೆಯ ಬಾಗಿಲು ತಟ್ಟುವ ಹೊತ್ತಿಗೆ ಕೂಸಿಗೆ ಎರಡು ತಿಂಗಳಾಗಿತ್ತು. ಆ ಎರಡು ತಿಂಗಳು ಹಸಿ ಬಾಣಂತಿ ತಾನೇ ಅಡುಗೆ ಮಾಡಿಕೊಂಡಳು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಹೇಗೆಂದು ಅಮ್ಮ ಚನ್ನಗಿರಿಯಿಂದ ವಿಡಿಯೋ ಕರೆಯಲ್ಲಿ ಹೇಳಿಕೊಟ್ಟರಂತೆ, ಫೋನನ್ನು ಬಕೆಟ್ಟಿನ ಮೇಲೆ ಆನಿಸಿಟ್ಟು. ಈ ಮಾತನ್ನು ಆ ತಾಯಿ ನನಗೆ ಹೇಳುವಾಗ ನಗುತ್ತಲೇ ಶುರು ಮಾಡಿದರು, ಪೂರ್ತಿ ಹೇಳಲಾಗಲಿಲ್ಲ.

"ಹಾಗಾದರೆ ಹೊರದೇಶಕ್ಕೆ ಹೆಣ್ಣು ಕೊಡಲೇಬಾರದೆ ಮೇಡಂ?" ಎಂದು ಕೇಳುವವರಿದ್ದಾರೆ. ಯಾರು ಹಾಗೆಂದರು? 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಹೆಣ್ಣುಮಕ್ಕಳೇ ಏರ್ ಇಂಡಿಯಾ ವಿಮಾನವನ್ನು ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಕಡೆಯಿಂದ ಹಾರಿಸಿಕೊಂಡು ಬೆಂಗಳೂರಿಗೆ ತಂದಿಳಿಸಿದರು. ಎಲ್ಲೂ ನಿಲ್ಲದೆ ಸುಮಾರು 14,000 ಕಿಲೋಮೀಟರ್. ಅಂದು ನಾನು ಶಾಲೆಯಲ್ಲಿ ಗ್ಲೋಬು ತಂದು, ದಾರವನ್ನು ಎರಡು ಊರುಗಳ ನಡುವೆ ಬಿಗಿಯಾಗಿ ಹಿಡಿದು ತೋರಿಸಿದೆ. ಪಟದ ಮೇಲೆ ಅಡ್ಡಡ್ಡ ಹೋಗಬೇಕೆನಿಸುವ ದಾರಿ, ಗ್ಲೋಬಿನ ಮೇಲೆ ಭೂಮಿಯ ನೆತ್ತಿಯ ಮೇಲಿಂದ ಹಾಯುತ್ತದೆ, ಅದೇ ಹತ್ತಿರ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಮಿಸ್, ಅವರೆಲ್ಲ ಹೆಂಗಸರೇನಾ?" ಎಂದು ಎರಡು ಸಲ ಕೇಳಿದಳು. ಹೆಣ್ಣುಮಕ್ಕಳು ಭೂಮಿ ಸುತ್ತಲಿ ಎಂಬುದೇ ನನ್ನ ಆಸೆ. ಆದರೆ ಹೋಗುವುದು ಬೇರೆ, ಕಳಿಸಲ್ಪಡುವುದು ಬೇರೆ. ಓದಿ, ದುಡಿದು, ತನ್ನ ಟಿಕೆಟ್ಟನ್ನು ತಾನು ಕೊಂಡವಳಿಗೆ ಫ್ರಾಂಕ್‌ಫರ್ಟಿನಿಂದ ಲಂಡನ್ ಹತ್ತಿರವಾಗಬಹುದು. ಪೆಟ್ಟಿಗೆಯ ಹಾಗೆ ಚೀಟಿ ಅಂಟಿಸಿ ಕಳಿಸಿದವಳಿಗೆ ಪಕ್ಕದ ಬೀದಿಯೂ ದೂರವೇ.

"ಕಾಲ ಕೆಟ್ಟಿದೆ, ದಿನಾ ಬಸ್ಸಿನಲ್ಲಿ ಕಳಿಸುವುದು ಹೇಗೆ" ಎನ್ನುವ ತಾಯಂದಿರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ಭಯ ಸುಳ್ಳಲ್ಲ. ಬೆಳಗಿನ ಬಸ್ಸಿನ ಫುಟ್‌ಬೋರ್ಡಿನಲ್ಲಿ ಜೋತುಬಿದ್ದು ಬರುವ ಹುಡುಗಿಯರನ್ನು ನಾನು ದಿನಾ ನೋಡುತ್ತೇನೆ. ಸಂಜೆ ಸ್ಪೆಷಲ್ ಕ್ಲಾಸ್ ಎಂದರೆ ಉಬ್ರಾಣಿ ಕಡೆಯ ಮಕ್ಕಳು ಕಿಟಕಿಯಲ್ಲಿ ಬಿಸಿಲು ನೋಡಲು ಶುರು ಮಾಡುತ್ತಾರೆ, ಕೊನೆಯ ಬಸ್ಸಿನ ಯೋಚನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾಯಿತು. ಬಹಳ ದೊಡ್ಡ ಕೆಲಸ ಅದು. ಹೆಂಗಸರು ಬಸ್ಸು ಹತ್ತಿದ್ದಕ್ಕೆ ಅಣಕವಾಡಿದ ಗಂಡಸರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದರೆ ನಮ್ಮ ಈ ಸೀಮೆಯ ಎಷ್ಟೋ ಹಳ್ಳಿ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿಯೂ ಇಲ್ಲ, ಪುಕ್ಕಟೆಯೂ ಇಲ್ಲ, ಜನ ತುಂಬದಿದ್ದರೆ ಬಸ್ಸೂ ಇಲ್ಲ.

1997ರಲ್ಲಿ ಹೊಸ ಜಿಲ್ಲೆಯಾದಾಗ ನಮ್ಮನ್ನು ಶಿವಮೊಗ್ಗದಿಂದ ಬಿಡಿಸಿ ದಾವಣಗೆರೆಗೆ ಸೇರಿಸಿದರು. ಆಫೀಸಿನ ಬೋರ್ಡುಗಳು ಒಂದೇ ವಾರದಲ್ಲಿ ಬದಲಾದವು. ಹಳ್ಳಿಯ ಹುಡುಗಿ ಕಾಲೇಜಿಗೆ ಹೋಗಿ ಬೆಳಕಿರುವಾಗಲೇ ಮನೆ ಸೇರುವ ಬಸ್ಸು ಮಾತ್ರ ಇನ್ನೂ ಎಷ್ಟೋ ಊರುಗಳಿಗೆ ಬಂದಿಲ್ಲ. ವಿಮಾನ ನಿಲ್ದಾಣಕ್ಕಾಗಿ, ರೈಲಿಗಾಗಿ ಮನವಿ ಕೊಡುವ, ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವ ನಮ್ಮ ಊರ ದೊಡ್ಡವರು ಸಂಜೆ ಆರು ಗಂಟೆಯ ಒಂದು ಬಸ್ಸಿಗಾಗಿ ಡಿಪೋ ಮುಂದೆ ನಿಂತದ್ದನ್ನು ನಾನು ಕಂಡಿಲ್ಲ. ಹುಡುಗಿಯ ರಕ್ಷಣೆಯ ಚಿಂತೆ ಇದ್ದವರು ಬಸ್ಸು ಕೇಳಬೇಕು, ಹಾಸ್ಟೆಲಿಗೆ ಒಳ್ಳೆಯ ವಾರ್ಡನ್ ಕೇಳಬೇಕು. ಅದು ಬಿಟ್ಟು ಹುಡುಗಿಯನ್ನೇ ಮನೆಯಲ್ಲಿ ಕೂರಿಸಿ, ಆಮೇಲೆ ಒಬ್ಬ ಅಪರಿಚಿತನ ಜೊತೆ ಏಳು ಸಮುದ್ರದಾಚೆ ಕಳಿಸುತ್ತಾರೆ. ಅಲ್ಲಿ ರಕ್ಷಣೆಗೆ ಯಾರಿದ್ದಾರೆ? ಅಲ್ಲಿ ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೆ ತೆರೆಯುವ ಚಿಕ್ಕಮ್ಮ ಯಾರು?

ಹೆಣ್ಣು ನೋಡಲು ಬಂದಾಗ ನಾವು ಹುಡುಗನ ಸಂಬಳ ಕೇಳುತ್ತೇವೆ, ಮನೆ ಸ್ವಂತದ್ದೋ ಬಾಡಿಗೆಯೋ ಕೇಳುತ್ತೇವೆ, ನಕ್ಷತ್ರ ಕೇಳುತ್ತೇವೆ. ಸೋದರಿಯರೇ, ಇನ್ನು ಮುಂದೆ ಬೇರೆ ಕೆಲವನ್ನೂ ಕೇಳಿ. ಹುಡುಗಿಯ ಪಾಸ್‌ಪೋರ್ಟು ಯಾರ ಬೀರುವಿನಲ್ಲಿರುತ್ತದೆ? ಅವಳಿಗೆ ಸಿಗುವ ವೀಸಾದಲ್ಲಿ ಅವಳು ದುಡಿಯಬಹುದೇ? ಅವಳ ಹೆಸರಿನಲ್ಲಿ ಅಲ್ಲಿ ಬ್ಯಾಂಕಿನ ಖಾತೆ ತೆರೆಯುತ್ತೀರಾ, ಅದರಲ್ಲಿ ವಾಪಸು ಬರುವ ಟಿಕೆಟ್ಟಿನಷ್ಟು ಹಣ ಯಾವಾಗಲೂ ಇರುತ್ತದೆಯೇ? ಅಲ್ಲಿಯ ಭಾಷೆ ಕಲಿಸಲು ಮದುವೆಯ ಮುಂಚೆಯೇ ಆರು ತಿಂಗಳು ಬಿಡುತ್ತೀರಾ? ಇವನ್ನು ಕೇಳಿದರೆ ಬೀಗರು ಮುನಿಯುತ್ತಾರಂತೆ. ಮುನಿಯಲಿ. ಚಿನ್ನ ಎಷ್ಟು ಗ್ರಾಂ ಎಂದು ಅವರು ಕೇಳುವಾಗ ನಾವು ಮುನಿದಿದ್ದೇವೆಯೇ? ಹಾಗೆಯೇ ಅಮ್ಮಂದಿರೂ ನಿಮ್ಮ ನಿಮ್ಮ ಪಾಸ್‌ಪೋರ್ಟು ಮಾಡಿಸಿಟ್ಟುಕೊಳ್ಳಿ. ಮಗಳನ್ನು ಕಳಿಸುವ ಮುಂಚೆ, ಕಳಿಸಿದ ಮೇಲಲ್ಲ.

ದೊಡ್ಡವಳು ಈಗ ಜರ್ಮನ್ ಕಲಿಯುತ್ತಿದ್ದಾಳೆ. ಮೂವತ್ತು ದಾಟಿದ ಮೇಲೆ, ಮಗುವನ್ನು ಶಾಲೆಗೆ ಬಿಟ್ಟು, ಟ್ರಾಮ್ ಹಿಡಿದು ತರಗತಿಗೆ ಹೋಗುತ್ತಾಳೆ. "ಮಿಸ್, ಮತ್ತೆ ಲೆಕ್ಕ ಓದಬೇಕು ಅಂತ ಇದೆ, ಇಲ್ಲಿ ಬಿಡುತ್ತಾರೋ ನೋಡಬೇಕು, ನನ್ನದು ಬಿ.ಎ. ಅಲ್ಲವಾ" ಎಂದು ಸಂದೇಶ ಕಳಿಸಿದ್ದಳು. ಏನು ಉತ್ತರ ಬರೆಯಬೇಕೆಂದು ತಿಳಿಯದೆ ಎರಡು ದಿನ ಸುಮ್ಮನಿದ್ದು, ಆಮೇಲೆ ಓದು ಎಂದು ಮಾತ್ರ ಬರೆದೆ.

ಕಳೆದ ತಿಂಗಳು ಪಾಂಡೋಮಟ್ಟಿ ಕಡೆಯ ರೈತರೊಬ್ಬರು ಶಾಲೆಗೆ ಬಂದಿದ್ದರು. ಮಗಳಿಗೆ ಸೈನ್ಸ್ ಬೇಕಂತೆ, ದಾವಣಗೆರೆ ಎನ್ನುತ್ತಾಳೆ, ದೂರವಾಯಿತಲ್ಲ ಮೇಡಂ ಎಂದರು. ಒಂದು ವಾರ ನೀವೇ ಅವಳ ಜೊತೆ ಬೆಳಗಿನ ಬಸ್ಸಿನಲ್ಲಿ ಹೋಗಿ, ಸಂಜೆಯ ಬಸ್ಸಿನಲ್ಲಿ ಬನ್ನಿ, ಎಲ್ಲಿ ತೊಂದರೆ ಎಂದು ಬರೆದುಕೊಂಡು ಬನ್ನಿ, ಇಬ್ಬರೂ ಸೇರಿ ಡಿಪೋಗೆ ಹೋಗೋಣ ಎಂದೆ. ತಲೆ ಕೆರೆದುಕೊಂಡರು. ಕೊಯ್ಲು ಮುಗಿಯಲಿ, ನೋಡೋಣ ಎಂದು ಹೇಳಿ ಹೋಗಿದ್ದಾರೆ.